ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರು: ಪೇಸ್ಟು ಹಚ್ಚುವ ಕ್ರಮ

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನಮ್ಮ ಹೋಟೆಲುಗಳ ಗಲ್ಲದ ಮೇಲೂ ಕಚೇರಿಗಳ ಮೇಜಿನ ಮೇಲೂ ಇರುವ ಹಳೆಯ ಕಂಪ್ಯೂಟರುಗಳನ್ನೆಲ್ಲ ಇದರಿಂದ ಮೂಲೆಗೆಸೆಯಬೇಕಾಗಿಲ್ಲ. 2017ರ ಮೊದಲ ಪೀಳಿಗೆಯ ರೈಜನ್ ಪ್ರೊಸೆಸರು ವಿಂಡೋಸ್ 11ರ ಅಂಗೀಕೃತ ಪಟ್ಟಿಯಲ್ಲಿಲ್ಲ. ಆದರೆ ಮದರ್‌ಬೋರ್ಡಿನ ತಯಾರಕರು ಸೂಕ್ತ ಬಯಾಸ್ ಒದಗಿಸಿದ್ದರೆ, ಅದನ್ನು ಮೊದಲು ಅಳವಡಿಸಿಕೊಂಡು, ಅದೇ ಬೋರ್ಡಿನಲ್ಲಿ ಮುಂದಿನ ಪೀಳಿಗೆಯ ಪ್ರೊಸೆಸರನ್ನು ಕೂರಿಸಬಹುದು. ರಿಚಿ ಸ್ಟ್ರೀಟಿನಲ್ಲಿ ಬಿಡಿಭಾಗಗಳನ್ನು ಕೊಂಡು ಸ್ವತಃ ಈ ಕಾರ್ಯಕ್ಕಿಳಿಯುವವರು ಥರ್ಮಲ್ ಪೇಸ್ಟಿನ ಮರ್ಮವನ್ನು ಅರಿತಿರಬೇಕು.

ಪ್ರೊಸೆಸರಿನ ಮೇಲ್ಮೈಯೂ ಅದರ ಶಾಖವನ್ನು ಹೀರುವ ಹೀಟ್‌ಸಿಂಕಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ, ಅವುಗಳಲ್ಲಿ ಅತಿಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ಆ ತಗ್ಗುಗಳಲ್ಲಿ ನಿಲ್ಲುವ ಗಾಳಿಯು ಶಾಖಕ್ಕೆ ಅಡ್ಡಗೋಡೆ. ಗಾಳಿಯನ್ನು ಹೊರದೂಡಿ ಆ ಸ್ಥಳವನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ಪೇಸ್ಟು ಗಾಳಿಗಿಂತ ಎಷ್ಟೋ ಮೇಲು. ತಾಮ್ರಕ್ಕಿಂತ ಬಹಳ ಕೀಳು. ಆದುದರಿಂದ ದಪ್ಪನಾಗಿ ಬಳಿದರೆ ಲಾಭವಿಲ್ಲ. ಕಾವಲಿಗೆ ಎಣ್ಣೆ ಸವರುವವರಿಗೆ ಈ ಹದವನ್ನು ಬೇರೆ ಹೇಳಬೇಕಾಗಿಲ್ಲ.

ಕಂಪ್ಯೂಟರನ್ನು ಕೆಲವು ನಿಮಿಷ ನಡೆಸಿ, ಒಣಗಿದ ಹಳೆಯ ಪೇಸ್ಟು ಬೆಚ್ಚಗಾದ ಬಳಿಕ ನಿಲ್ಲಿಸಿ, ಪ್ಲಗ್ಗು ಕಿತ್ತು, ಹೀಟ್‌ಸಿಂಕಿನ ಹಿಡಿಕೆಗಳನ್ನು ಸಡಿಲಿಸಿ, ಅದನ್ನು ಮೆಲ್ಲನೆ ಅತ್ತಿತ್ತ ತಿರುಗಿಸಿ ಎತ್ತಬೇಕು. ಒಮ್ಮೆಲೇ ಸೆಳೆದರೆ ಏ.ಎಂ.4 ಪ್ರೊಸೆಸರು ಅಂಟಿಕೊಂಡೇ ಕಿತ್ತುಬಂದು, ಅದರ ಸೂಜಿಗಳು ಬಾಗುವ ಅಪಾಯವುಂಟು. ಹೀಟ್‌ಸಿಂಕಿನ ತಳವನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೇವಮಾಡಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ ಒಣಗಿಸತಕ್ಕದ್ದು.

ಹೊಸ ಪ್ರೊಸೆಸರನ್ನು ಕೂರಿಸಿದ ಮೇಲೆ ಅದರ ನಡುವೆ ಚಿಕ್ಕ ಬಟಾಣಿ ಕಾಳಿನಷ್ಟು ಪೇಸ್ಟನ್ನಿಟ್ಟು, ಹೀಟ್‌ಸಿಂಕನ್ನು ನೇರವಾಗಿ ಇಳಿಸಿರಿ. ಒತ್ತಡವೇ ಪೇಸ್ಟನ್ನು ಹರಡುವುದು. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಇಟ್ಟ ಮೇಲೆ ಮತ್ತೆ ಎತ್ತಿದಲ್ಲಿ, ಎರಡೂ ಮೈಗಳನ್ನು ಒರೆಸಿ ಹೊಸ ಪೇಸ್ಟನ್ನೇ ಹಾಕತಕ್ಕದ್ದು. ಹೊಸ ಹೀಟ್‌ಸಿಂಕಿನ ತಳದಲ್ಲಿ ಪೇಸ್ಟು ಮೊದಲೇ ಹಚ್ಚಿದ್ದರೆ ಇನ್ನೊಂದು ಪದರ ಬೇಡ. ಗ್ಯಾಲಿಯಮ್ ಬೆರೆತ ದ್ರವಲೋಹವನ್ನು ಹೊಸಬರು ಮುಟ್ಟದಿರುವುದೇ ಲೇಸು. ಅದು ಅಲ್ಯೂಮಿನಿಯಮನ್ನು ತಿನ್ನುತ್ತದೆ, ಚೆಲ್ಲಿದಲ್ಲಿ ವಿದ್ಯುತ್ತನ್ನೂ ಹರಿಸುತ್ತದೆ.

ಅತಿಯಾಗಿ ಕಾದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಕೊನೆಗೆ ಕಂಪ್ಯೂಟರು ನಿಂತೇಹೋಗುವುದೂ ಉಂಟು. 2003ರ ಮೇ ತಿಂಗಳಲ್ಲಿ 45 ಡಿಗ್ರಿ ಕಂಡ ಈ ಊರಿನಲ್ಲಿ, ಅಡಿಗೆಮನೆಯ ಕಾವೂ ಸೇರಿದಲ್ಲಿ, ಅಂತಹ ದಿನ ದೂರವಿರದು. ಊಟದ ವೇಳೆಯಲ್ಲಿ ಬಿಲ್ಲು ನಿಂತರೆ ಗಿರಾಕಿಯ ಬೈಗುಳು ಕೇಳಬೇಕಾದವನು ಯಜಮಾನನಲ್ಲ, ಗಲ್ಲದಲ್ಲಿ ಕುಳಿತ ನಮ್ಮ ಹುಡುಗ. ಅವನ ಸಲುವಾಗಿಯಾದರೂ ಈ ಸಣ್ಣ ಕೆಲಸವನ್ನು ಆತುರವಿಲ್ಲದೆ ಮಾಡುವುದು ಯೋಗ್ಯವೆಂದು ನಮ್ಮ ಅಭಿಪ್ರಾಯ.