ಕಿವಿಗೆ ಒಂದು, ಕಣ್ಣಿಗೆ ಎರಡು

ನಾವು ಕಾಚಿಗುಡದಲ್ಲಿ ಹೋಟೆಲು ನಡೆಸುತ್ತಿದ್ದ ದಿನಗಳ ಮಾತು. ಮಹಡಿಯ ಮೇಲೆ ವಸತಿಯ ಕೋಣೆಗಳಿದ್ದವು. ಒಂದು ಸಂಜೆ ಪರಸ್ಥಳದ ಅತಿಥಿಯೊಬ್ಬರು ಬಂದು ಇಂಗ್ಲಿಷಿನಲ್ಲಿ ‘ಸ್ವೀಟ್’ ಬೇಕೆಂದರು. ಊರಿನಿಂದ ಹೊಸದಾಗಿ ಬಂದಿದ್ದ ಮಾಣಿಯು ವಿನಯದಿಂದ ಮೈಸೂರುಪಾಕಿನ ತಟ್ಟೆಯನ್ನು ತಂದಿರಿಸಿದನು. ಅತಿಥಿಗೆ ಬೇಕಾಗಿದ್ದುದು ಒಂದಕ್ಕೊಂದು ಸೇರಿದ ಎರಡು ಕೋಣೆಗಳ ಬಿಡಾರ. ಅವರು ಸಿಡುಕಿ ಹೊರಟುಹೋದರು. ನಾವು ಮಾಣಿಯನ್ನು ಎಲ್ಲರೆದುರಿಗೆ ಗದರಿಸಿ, ಮೈಸೂರುಪಾಕಿನ ಹಣವನ್ನು ಅವನ ಸಂಬಳದಲ್ಲಿ ಮುರಿದುಕೊಂಡೆವು.

ಬಹುಕಾಲದ ಮೇಲೆ ನಿಘಂಟನ್ನು ತಿರುವಿದಾಗ ನಿಜಾಂಶ ತಿಳಿಯಿತು. ಎಸ್-ಯು-ಐ-ಟಿ-ಇ ಎಂದು ಬರೆಯುವ ಆ ಪದವನ್ನು ನಾವು ಸದಾ ‘ಸೂಟ್’ ಎಂದೇ ಓದುತ್ತಿದ್ದೆವು. ಮಾಣಿಗಳಿಗೂ ಹಾಗೆಯೇ ಕಲಿಸಿದ್ದೆವು. ಅದರ ಉಚ್ಚಾರಣೆಯಾದರೋ ಸಿಹಿತಿಂಡಿಯ ‘ಸ್ವೀಟ್’ನಂತೆಯೇ! ಅತಿಥಿ ಸರಿಯಾಗಿ ನುಡಿದಿದ್ದರು, ಹುಡುಗ ಸರಿಯಾಗಿ ಕೇಳಿದ್ದನು. ತಪ್ಪಿದ್ದವರು ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ನಾವು.

ಹೀಗೆ ಉಚ್ಚಾರಣೆ ಒಂದೇ ಆಗಿ ಅರ್ಥ ಬೇರೆಯಾದ ಪದಗಳಿಗೆ ಹೋಮೋಫೋನ್ ಎಂದು ಹೆಸರು. ಬರಹವೂ ಒಂದೇ ಆದರೆ ಹೋಮೋನಿಮ್. ಈ ಎರಡನೆಯದು ನಮಗೆ ಹೊಸದಲ್ಲ. ಕನ್ನಡದ ‘ಹತ್ತು’ ಸಂಖ್ಯೆಯೂ ಹೌದು, ಏರುವುದೂ ಹೌದು. ಹೋಟೆಲುಗಳ ಫಲಕದಲ್ಲಿ ಕಾಣುವ ‘ಮೀಲ್ಸ್’ ಎಂಬಲ್ಲಿ ಮೀಲ್ ಎಂದರೆ ಊಟ. ಅದೇ ಅಕ್ಷರಗಳ ಇನ್ನೊಂದು ಮೀಲ್ ಎಂದರೆ ಬೀಸಿದ ಹಿಟ್ಟು. ಎರಡರ ಮೂಲವೂ ಬೇರೆ.

ನುಡಿದಂತೆ ಬರೆಯುವ ನಮ್ಮವರಿಗೆ ಕಷ್ಟವಾಗುವುದು ಹೋಮೋಫೋನ್. ಸಾಮಾನಿನ ಚೀಟಿಯಲ್ಲಿ ಹಿಟ್ಟಿಗೆ ಎಫ್-ಎಲ್-ಓ-ಯು-ಆರ್ ಎಂದು ಬರೆಯಬೇಕು. ಡಬ್ಲ್ಯು ಸೇರಿಸಿ ಎಫ್-ಎಲ್-ಓ-ಡಬ್ಲ್ಯು-ಇ-ಆರ್ ಎಂದರೆ ಹೂವು. ಹಿಂದೆ ಇವೆರಡೂ ಒಂದೇ ಪದವಾಗಿದ್ದವು. ಬೀಸಿದ ಧಾನ್ಯದ ಅತ್ಯುತ್ತಮ ಭಾಗವನ್ನು ಅದರ ಹೂವೆಂದು ಕರೆಯುತ್ತಿದ್ದರು. 1755ರ ಜಾನ್ಸನ್ ಪಂಡಿತನ ನಿಘಂಟು ಸಹ ಇವನ್ನು ಬೇರ್ಪಡಿಸಿಲ್ಲ. ಹಾಗಿರುವಾಗ ನಮ್ಮ ಉಗ್ರಾಣದ ಹುಡುಗನನ್ನು ಬೈದು ಫಲವೇನು?

ಗುಮಾಸ್ತ ಬಂಧುಗಳಿಗೆ ಗಂಡಾಂತರ ಇನ್ನೂ ಹೆಚ್ಚು. ಪ್ರಿನ್ಸಿಪಲ್ ಎಂಬುದು ಪಿ-ಎ-ಎಲ್ ಎಂದು ಮುಗಿದರೆ ಸಾಲದ ಅಸಲು ಅಥವಾ ಕಾಲೇಜಿನ ಮುಖ್ಯಸ್ಥರು. ಪಿ-ಎಲ್-ಇ ಎಂದು ಮುಗಿದರೆ ತತ್ತ್ವ. ಅಸಲನ್ನು ತೀರಿಸುತ್ತೇವೆಂದು ಬರೆಯಹೋಗಿ ತತ್ತ್ವವನ್ನೇ ತೀರಿಸಿಬಿಡಬಾರದಷ್ಟೆ! ಎರಡೂ ನಿಜವಾದ ಪದಗಳಾದುದರಿಂದ ಕಂಪ್ಯೂಟರು ಇಂತಹ ತಪ್ಪನ್ನು ಎಷ್ಟೋ ವೇಳೆ ಹಿಡಿಯುವುದಿಲ್ಲ. ಬ್ಯಾಂಕಿನ ಚೆಕ್ಕಿಗೆ ನಮ್ಮಲ್ಲಿ ಕೊನೆಗೆ ಕ್ಯು-ಯು-ಇ, ತಪಾಸಣೆಯ ಚೆಕ್ಕಿಗೆ ಸಿ-ಕೆ. ಅಮೆರಿಕದವರು ಎರಡಕ್ಕೂ ಸಿ-ಕೆ ಬರೆಯುತ್ತಾರೆ. ಚದುರಂಗದ ರಾಜನಿಗೆ ಕೊಡುವ ಎಚ್ಚರಿಕೆಯಿಂದ ಹುಟ್ಟಿದ ಈ ಪದದ ಮೂಲ ಪಾರಸಿಯ ‘ಷಾಹ್’. ಹೈದರಾಬಾದಿನವರಿಗೆ ಪರಿಚಿತವಾದ ಮಾತೇ.

ಬರಹ ಎದುರಿಗಿಲ್ಲದಾಗ ಅಕ್ಕಪಕ್ಕದ ಮಾತುಗಳನ್ನು ಗಮನಿಸಬೇಕು. ಆ ಅತಿಥಿ ‘ಎರಡು ರಾತ್ರಿಗೆ’ ಎಂದೂ ಹೇಳಿದ್ದರು. ಎರಡು ರಾತ್ರಿಗೆ ಮೈಸೂರುಪಾಕನ್ನು ಯಾರು ಕೇಳುತ್ತಾರೆ? ಸಂದೇಹ ಬಂದರೆ, “ರೂಮೇ ಸಾರ್, ತಿಂಡಿಯೇ?” ಎಂದು ಕೇಳಿಬಿಡಬಹುದು. ಆದರೆ ಗದರುವ ಯಜಮಾನನು ಗಲ್ಲಾದಲ್ಲಿ ಕುಳಿತಿರುವಾಗ ಮಾಣಿಗೆ ಕೇಳುವ ಧೈರ್ಯವೆಲ್ಲಿ ಬರಬೇಕು?

ಆ ಹುಡುಗ ಮರುತಿಂಗಳೇ ಕೆಲಸ ಬಿಟ್ಟನು. ಈ ಸಾಲುಗಳು ಅವನ ಕಣ್ಣಿಗೆ ಬಿದ್ದರೆ ನಮ್ಮ ಕಾರ್ಯಾಲಯಕ್ಕೆ ಬರಲಿ. ಅವನ ಹಣ ನಮ್ಮಲ್ಲಿದೆ.