ಹಡಗು ಕಾರ್ಖಾನೆಯಿಂದ ಹೃದಯದವರೆಗೆ

ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಸವರಿ, ಪ್ರೋಬ್ ಒತ್ತಿ ಹಿಡಿಯುತ್ತಾರೆ. ಪರದೆಯ ಮೇಲೆ ಹೃದಯದ ಕವಾಟ ರೆಪ್ಪೆಯಂತೆ ತೆರೆದು ಮುಚ್ಚುವುದು ಕಾಣುತ್ತದೆ. ನಮ್ಮೂರುಗಳಲ್ಲೂ ಎಲ್ಲರಿಗೂ ಗೊತ್ತಿರುವ ಈ ‘ಎಕೋ’ ಹುಟ್ಟಿದ್ದು ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ, ಇಂಗೆ ಎಡ್ಲರ್ ಎಂಬ ವೈದ್ಯರನ್ನು ಕಾಡುತ್ತಿದ್ದ ಒಂದು ಪ್ರಶ್ನೆಯಿಂದ.

ರುಮ್ಯಾಟಿಕ್ ಜ್ವರ ಬಂದುಹೋದ ಕೆಲವರಲ್ಲಿ ಹೃದಯದ ಮೈಟ್ರಲ್ ಎಂಬ ಕವಾಟ ಕಿರಿದಾಗುತ್ತದೆ, ಕೆಲವರಲ್ಲಿ ಸೋರುತ್ತದೆ. ಕಿರಿದಾದದ್ದನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗಷ್ಟೇ ಬಳಕೆಗೆ ಬರುತ್ತಿತ್ತು. ಸೋರುವ ಕವಾಟಕ್ಕೆ ಅದನ್ನೇ ಮಾಡಿದರೆ ರೋಗಿಯ ಸ್ಥಿತಿ ಇನ್ನೂ ಬಿಗಡಾಯಿಸುತ್ತಿತ್ತು. ಎದೆ ತೆರೆಯುವ ಮೊದಲೇ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಎಡ್ಲರ್ ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಜೊತೆ ಸೇರಿದರು. ಮಾಲ್ಮೋದ ಕಾಕಮ್ಸ್ ಹಡಗು ಕಾರ್ಖಾನೆಯಲ್ಲಿ, ಲೋಹದೊಳಗಿನ ಬಿರುಕನ್ನು ಕಿವಿಗೆ ಕೇಳದ ಶಬ್ದದಿಂದ ಪತ್ತೆ ಹಚ್ಚುವ ಯಂತ್ರವಿತ್ತು. ಅದನ್ನು ಎದೆಗಿಟ್ಟು ನೋಡಿದಾಗ, ಹೃದಯದ ಬಡಿತಕ್ಕೆ ಸರಿಯಾಗಿ ಮರುದನಿಗಳು ಅಲುಗಾಡಿದವು! ಮುಂದೆ ಸೀಮೆನ್ಸ್ ಕಂಪನಿ ಅಂಥದೇ ಯಂತ್ರವೊಂದನ್ನು ಎರವಲು ಕೊಟ್ಟಿತು. 1953ರ ಅಕ್ಟೋಬರ್ 29ರಂದು ಹೃದಯದ ಚಲನೆ ಫಿಲ್ಮಿನ ಮೇಲೆ ಮೂಡಿತು.

ಮೂಡಿದ್ದು ಚಿತ್ರವಲ್ಲ, ಬರೀ ಏರಿಳಿಯುವ ಗೆರೆಗಳು. ಯಾವ ಗೆರೆ ಹೃದಯದ ಯಾವ ಭಾಗದ್ದು? ಎದ್ದು ಕಾಣುತ್ತಿದ್ದ ಒಂದು ಗೆರೆ ಎಡ ಹೃತ್ಕರ್ಣದ ಗೋಡೆಯದೆಂದು ಎಡ್ಲರ್ ಮೊದಲು ಭಾವಿಸಿದ್ದರು. ಆದರೆ ಊಹೆಗೇ ತೃಪ್ತರಾಗಿ ಕೂರಲಿಲ್ಲ. ಸಾವಿನಂಚಿನಲ್ಲಿದ್ದ ರೋಗಿಗಳ ಎದೆಯ ಮೇಲೆ, ಶಬ್ದದ ಕಿರಣ ಒಳಹೊಕ್ಕ ಜಾಗವನ್ನೂ ದಿಕ್ಕನ್ನೂ ಗುರುತು ಮಾಡಿಕೊಂಡರು. ಆ ರೋಗಿಗಳು ತೀರಿಕೊಂಡ ಮೇಲೆ ಅದೇ ದಿಕ್ಕಿನಲ್ಲಿ ಮಂಜುಗಡ್ಡೆ ಒಡೆಯುವ ಚೂಪಾದ ಸಲಾಕೆಯನ್ನು ತೂರಿಸಿ, ಶವಪರೀಕ್ಷೆಯಲ್ಲಿ ಅದು ಎಲ್ಲಿ ತಲುಪಿದೆಯೆಂದು ನೋಡಿದರು. ಸಲಾಕೆ ಹಾದುಹೋದದ್ದು ಮೈಟ್ರಲ್ ಕವಾಟದ ಮುಂದಿನ ಎಸಳನ್ನು! ತಮ್ಮದೇ ತಪ್ಪನ್ನು ತಿದ್ದಿಕೊಂಡ ಈ ಶ್ರದ್ಧೆಯ ಮೇಲೆಯೇ ಮುಂದಿನ ಎಕೋ ವಿದ್ಯೆಯೆಲ್ಲ ನಿಂತಿದೆ.

ಆಮೇಲೆ ಗೆರೆ ಮಾತಾಡತೊಡಗಿತು. ಆರೋಗ್ಯವಂತರಲ್ಲಿ, ತೆರೆದ ಎಸಳು ಸರ್ರನೆ ಹಿಂದಕ್ಕೆ ಬರುತ್ತದೆ. ಗೆರೆ ಕಡಿದಾಗಿ ಇಳಿಯುತ್ತದೆ. ಕವಾಟ ಕಿರಿದಾಗಿದ್ದರೆ ಇಳಿತ ನಿಧಾನ.

1977ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಎಡ್ಲರ್ 2001ರಲ್ಲಿ ತೀರಿಕೊಂಡರು.

ರುಮ್ಯಾಟಿಕ್ ಜ್ವರ ಸ್ವೀಡನ್ನಿನಲ್ಲಿ ಈಗ ಅಪರೂಪ. ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಿರಿದಾದ ಕವಾಟವನ್ನು ಇಲ್ಲಿನ ವೈದ್ಯರು ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಹಿಗ್ಗಿಸುತ್ತಾರೆ. ಸೋರಿಕೆ ಜಾಸ್ತಿ ಇದ್ದರೆ ಬಲೂನು ಹಾಕುವಂತಿಲ್ಲ. ಹಾಗಾಗಿ ಮೊದಲು ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ ಸವರುತ್ತಾರೆ.