ನೆಲ ನೋಡಿ ಕೊಳ್ಳಬೇಕಾದ ವಾಹನ

ಗುಬ್ಬಿಯಿಂದ ತಿಪಟೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಿಟ್ಟೂರನ್ನು ಹಾದುಹೋಗುವ ಪ್ರಯಾಣಿಕನಿಗೆ ಈ ಸೀಮೆಯ ನೆಲವು ಸಮತಟ್ಟಾಗಿಯೂ ಸೌಮ್ಯವಾಗಿಯೂ ತೋರುತ್ತದೆ. ಆದರೆ ಡಾಂಬರು ರಸ್ತೆಯನ್ನು ಬಿಟ್ಟು ಅರ್ಧ ಮೈಲಿ ಒಳಕ್ಕೆ ನಡೆದವನಿಗೆ ಗರಸು ಬೆರೆತ ಕೆಮ್ಮಣ್ಣು, ಕೆರೆಯಂಗಳದ ಅಂಚಿನಲ್ಲಿ ಮೊಣಕಾಲು ಹೂಳುವ ಗೋಡು, ಹಳ್ಳದ ಸಡಿಲ ಮರಳು, ಸಾಲುಸಾಲಾದ ಬದುಗಳು, ತೆಂಗಿನ ಬುಡದ ಪಾತಿಗಳು, ನಡುನಡುವೆ ತಲೆಯೆತ್ತಿದ ಹಾಸುಬಂಡೆ, ಇವಿಷ್ಟೂ ಒಂದೇ ಹಿಡುವಳಿಯ ಎಲ್ಲೆಯೊಳಗೆ ಒಂದರ ಪಕ್ಕದಲ್ಲೊಂದು ಎದುರಾಗುತ್ತವೆ. ಇಂಥ ನೆಲದಲ್ಲಿ ಮನುಷ್ಯನನ್ನೂ ಅವನ ಹೊರೆಯನ್ನೂ ಸಾಗಿಸುವ ಸಾಧನ ಯಾವುದಾಗಿರಬೇಕೆಂಬ ಪ್ರಶ್ನೆ ಈ ಪ್ರಾಂತಕ್ಕೆ ಹೊಸದಲ್ಲ. ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಬೆಳೆಸಿದ ಲಾಯ ಕುಣಿಗಲಿನಲ್ಲಿತ್ತು. ದಾರಿಯಿಲ್ಲದ ಕಡೆ ಫಿರಂಗಿಗಳನ್ನೆಳೆದ ಅಮೃತಮಹಲ್ ಎತ್ತುಗಳು ಮೈಸೂರು ಸಂಸ್ಥಾನದ ಕಾವಲುಗಳಲ್ಲಿ ಮೇಯುತ್ತಿದ್ದವು. ಈಗ ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಎಚ್.ಎ.ಎಲ್. ಕಾರ್ಖಾನೆ ನೆಲದ ಗೊಡವೆಯನ್ನೇ ಬಿಟ್ಟು ಹಾರುವ ಹೆಲಿಕಾಪ್ಟರುಗಳಿಗಾಗಿ ನಿಂತಿದೆ. ಕುದುರೆಗೂ ಹೆಲಿಕಾಪ್ಟರಿಗೂ ನಡುವೆ ನಿಲ್ಲುವ, ಎ.ಟಿ.ವಿ. ಎಂದು ಎಲ್ಲರೂ ಕರೆಯುವ ಪುಟ್ಟ ನಾಲ್ಕು ಚಕ್ರದ ವಾಹನವೇ ಈ ಲೇಖನದ ವಿಷಯ.

ನಮ್ಮ ಕಡೆಯ ತರುಣ ತೋಟಗಾರರೊಬ್ಬರು ಅಮೆರಿಕದ ವಿಡಿಯೋಗಳನ್ನು ನೋಡಿ ನೋಡಿ ಮನಸೋತು, "ಮೇಷ್ಟ್ರೇ, ಕಾಡುದಾರಿಗೂ ಆಗಬೇಕು, ಶಿಕಾರಿಗೂ ಆಗಬೇಕು, ತೋಟಕ್ಕೂ ಆಗಬೇಕು, ಅಂಥದ್ದು ಯಾವುದು ತಗೊಳ್ಳಲಿ?" ಎಂದು ಕೇಳಿದ್ದುಂಟು. ಶಿಕಾರಿಯ ಮಾತನ್ನು ಮೊದಲೇ ತೀರಿಸಿಬಿಡುವುದು ಲೇಸು. ಉತ್ತರ ಅಮೆರಿಕದಲ್ಲಿ ಪರವಾನಗಿ ಪಡೆದ ಬೇಟೆಗಾರನು ಕೊಂದ ಜಿಂಕೆಯನ್ನು ಹೊತ್ತು ತರಲು ಈ ವಾಹನವನ್ನು ಬಳಸುವುದು ನಿಜ. ಆದರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ದೇವರಾಯನದುರ್ಗದ ಕಾಡಿನ ಚಿರತೆ ಕರಡಿಗಳೂ ಮೈದನಹಳ್ಳಿಯ ಕೃಷ್ಣಮೃಗಗಳೂ ಆ ಕಾಯ್ದೆಯ ಮೊದಲನೆಯ ಪಟ್ಟಿಯ ರಕ್ಷಣೆಯಲ್ಲಿವೆ, ಅವುಗಳನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ಕಾದಿದೆ. ಇದು ಹೀಗಿರುವುದೇ ಸರಿಯೆಂದು ನಾನು ಮನಸಾರೆ ನಂಬುತ್ತೇನೆ. ಕಾಯ್ದಿಟ್ಟ ಅರಣ್ಯದೊಳಗೆ ಅಪ್ಪಣೆಯಿಲ್ಲದೆ ವಾಹನ ನುಗ್ಗಿಸುವುದೂ ಅಪರಾಧವೇ. ಅದರ ಮೇಲೆ ಬೇಸಗೆಯ ಒಣಹುಲ್ಲು ಕಾದ ಸೈಲೆನ್ಸರಿನ ಮೇಲೆ ಸಿಕ್ಕಿಕೊಂಡು ಹೊತ್ತಿಕೊಂಡರೆ ಬೆಂಕಿಗೆ ತಡೆಯೇ ಇರುವುದಿಲ್ಲ. ಆದುದರಿಂದ ನಮ್ಮ ತರುಣರಿಗೆ ಉಳಿಯುವುದು ಸ್ವಂತ ತೋಟ, ಹೊಲ, ಬಂಡಿದಾರಿ, ಇಷ್ಟೇ. ಯಂತ್ರಕ್ಕೆ ಕೆಲಸ ಒದಗಿಸಲು ಇಷ್ಟು ಧಾರಾಳವಾಗಿ ಸಾಕು.

ಈ ವಾಹನ ಹುಟ್ಟಿದ್ದು ವ್ಯಾಪಾರದ ಒಂದು ಇಕ್ಕಟ್ಟಿನಿಂದ. ಚಳಿಗಾಲದ ಹಿಮದಲ್ಲಿ ಮೋಟಾರು ಸೈಕಲ್ಲುಗಳನ್ನು ಕೊಳ್ಳುವವರಿಲ್ಲದೆ ಅಮೆರಿಕದ ಅಂಗಡಿಕಾರರು ಕೈಕಟ್ಟಿ ಕೂರುತ್ತಿದ್ದುದರಿಂದ, ಆ ದಿನಗಳಿಗೂ ಮಾರಬಲ್ಲ ಒಂದು ವಾಹನವನ್ನು ರೂಪಿಸಿಕೊಡುವಂತೆ ಹೋಂಡಾ ಕಂಪನಿಯ ಅಮೆರಿಕ ಶಾಖೆ ಜಪಾನಿನ ತನ್ನ ಎಂಜಿನಿಯರುಗಳನ್ನು ಕೇಳಿತು. ಒಸಾಮು ತಾಕೆಯುಚಿ ಎಂಬ ಎಂಜಿನಿಯರು ಹಲವು ಮಾದರಿಗಳನ್ನು ಪರೀಕ್ಷಿಸಿ, ಕೊನೆಗೆ ಉಬ್ಬಿದ ಮೂರು ದೊಡ್ಡ ಟೈರುಗಳ ಮೇಲೆ ಸಣ್ಣದೊಂದು ಎಂಜಿನ್ ಕೂರಿಸಿದರು. ಅದು 1970ರಲ್ಲಿ ಮಾರುಕಟ್ಟೆಗೆ ಬಂತು. ಕಂಬಿಯ ಚೌಕಟ್ಟನ್ನಾಗಲಿ ಎಂಜಿನನ್ನಾಗಲಿ ಅದರಲ್ಲಿ ಯಾರೂ ಹೊಸದೆಂದು ಹೇಳಲಾರರು, ಅದರ ವಿಶೇಷವೆಲ್ಲ ಟೈರಿನಲ್ಲಿತ್ತು. ಮೂರು ಚಕ್ರದ ಆ ರೂಪ ತಿರುವಿನಲ್ಲಿ ಬಹುಬೇಗ ಮಗುಚಿ ಅನೇಕರ, ಅದರಲ್ಲೂ ಮಕ್ಕಳ, ಪ್ರಾಣಹಾನಿಗೆ ಕಾರಣವಾದುದರಿಂದ, 1988ರಲ್ಲಿ ಅಮೆರಿಕ ಸರ್ಕಾರಕ್ಕೂ ತಯಾರಕರಿಗೂ ನ್ಯಾಯಾಲಯದ ಮೂಲಕ ಆದ ಒಪ್ಪಂದದಿಂದ ಅದರ ಮಾರಾಟ ನಿಂತುಹೋಯಿತು. ಅಷ್ಟರೊಳಗೆ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತ್ತು. 1986ರ ಹೋಂಡಾದಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯತೊಡಗಿತ್ತು.

ಈ ಟೈರಿನ ಗುಣವನ್ನು ಅರಿಯಬೇಕಾದರೆ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹೆಬ್ಬೆರಳಿನಿಂದ ಒತ್ತಿ ನೋಡಬೇಕು: ಮೋಟಾರು ಸೈಕಲ್ಲಿನ ಟೈರಿನ ಪಕ್ಕೆ ಬೆರಳಿಗೆ ಜಗ್ಗುವುದಿಲ್ಲ, ಇದರ ಪಕ್ಕೆ ಒಳಕ್ಕೆ ಸರಿಯುತ್ತದೆ. ಅದರಲ್ಲಿ ಸುಮಾರು 28 ಪೌಂಡು ಗಾಳಿಯಿದ್ದರೆ ಇದರಲ್ಲಿರುವುದು ಐದರ ಆಸುಪಾಸು. ಟೈರಿನ ಗೋಡೆಯ ಬಿಗುವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆಲದ ಮೇಲೆ ಬೀಳುವ ಒತ್ತಡ ಒಳಗಿನ ಗಾಳಿಯ ಒತ್ತಡದಷ್ಟೇ ಎಂಬುದು ಇಲ್ಲಿಯ ತತ್ತ್ವ. ಚದರ ಅಂಗುಲಕ್ಕೆ ಐದು ಪೌಂಡೆಂದರೆ ಚದರ ಸೆಂಟಿಮೀಟರಿಗೆ 0.35 ಕಿಲೋಗ್ರಾಂ, 320 ಕಿಲೋ ತೂಗುವ ಯಂತ್ರದ ಮೇಲೆ 70 ಕಿಲೋ ತೂಗುವ ಸವಾರ ಕುಳಿತರೆ ಒಂದೊಂದು ಚಕ್ರಕ್ಕೆ ಬರುವ ಭಾರ ಸುಮಾರು 97 ಕಿಲೋ, ಅದನ್ನು ಹೊರಲು ಒಂದೊಂದು ಟೈರೂ 280 ಚದರ ಸೆಂಟಿಮೀಟರಿನಷ್ಟು ಚಪ್ಪಟೆಯಾಗಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ಇನ್ನು ಅದೇ ಸವಾರ ಕೆಳಗಿಳಿದು ನಡೆದನೆನ್ನಿ: ಹೆಜ್ಜೆಯೆತ್ತಿದ ಕ್ಷಣದಲ್ಲಿ ಅವನ 70 ಕಿಲೋ ಭಾರವೆಲ್ಲ ಸುಮಾರು 200 ಚದರ ಸೆಂಟಿಮೀಟರ್ ವಿಸ್ತೀರ್ಣದ ಒಂದೇ ಚಪ್ಪಲಿಯ ಮೇಲೆ ಬೀಳುತ್ತದೆ, ಭಾಗಿಸಿದರೆ ಬರುವುದು ಮತ್ತದೇ 0.35. ಎಂದರೆ ನಾನೂರು ಕಿಲೋ ಸಮೀಪದ ಈ ವಾಹನ, ನಡೆದಾಡುವ ಮನುಷ್ಯನಿಗಿಂತ ಹೆಚ್ಚು ಬಿಗಿಯಾಗಿ ನೆಲವನ್ನು ತುಳಿಯುವುದಿಲ್ಲ. ನೀವು ಚಪ್ಪಲಿ ಕಳಚದೆ ದಾಟಬಲ್ಲ ಗೋಡನ್ನು ಅದೂ ಬಹುಮಟ್ಟಿಗೆ ದಾಟಬಲ್ಲದು. ಕೊಳ್ಳುವವನು ಅಶ್ವಶಕ್ತಿಯನ್ನು ಕೇಳುವುದಕ್ಕಿಂತ ಮುಂಚೆ ಟೈರನ್ನು ಕೇಳಬೇಕೆಂದು ನಾನು ಹೇಳುವುದು ಈ ಲೆಕ್ಕದ ಬಲದಿಂದಲೇ.

ಆದರೆ ಈ ಮೆದುತನಕ್ಕೆ ನಮ್ಮ ಸೀಮೆಯಲ್ಲಿ ಒಬ್ಬ ಶತ್ರುವಿದ್ದಾನೆ, ಬಳ್ಳಾರಿ ಜಾಲಿಯ ಮುಳ್ಳು. ತೆಳುಗೋಡೆಯ ಟೈರು ಅದರ ಮುಂದೆ ನಿಲ್ಲದು; ಆರು ಪದರದ ಬಲವುಳ್ಳದ್ದೆಂದು ಗುರುತು ಹಾಕಿದ ಟೈರನ್ನೇ ಕೇಳಿ ಹಾಕಿಸಿಕೊಳ್ಳತಕ್ಕದ್ದು. ಕೆಸರಿಗೆಂದೇ ಮಾಡಿದ, ಅಂಗುಲಕ್ಕೂ ಮೀರಿ ಎದ್ದು ನಿಂತ ದಪ್ಪ ಗುಬ್ಬಿಗಳ ಟೈರು ಚಿತ್ರದಲ್ಲಿ ಗಂಭೀರವಾಗಿ ಕಂಡರೂ, ವರ್ಷದ ಬಹುಕಾಲ ಗಟ್ಟಿಯಾಗಿರುವ ಕೆಮ್ಮಣ್ಣಿನ ಮೇಲೆ ತುದಿಗಳ ಮೇಲಷ್ಟೇ ಓಡಿ ಬೇಗನೆ ಸವೆಯುತ್ತದೆ. ಮುಕ್ಕಾಲಂಗುಲದ ಗುಬ್ಬಿ ನಿಟ್ಟೂರಿಗೆ ಸಾಕು. ಇನ್ನೊಂದು ಸಣ್ಣ ಸಂಗತಿ: ಪೆಟ್ರೋಲ್ ಬಂಕಿನ ಗಾಳಿ ಅಳೆಯುವ ಮಾಪಕ ಐದು ಪೌಂಡಿನಷ್ಟು ಕೆಳಗಿನ ಒತ್ತಡವನ್ನು ನೆಚ್ಚಿಕೆಯಿಂದ ತೋರಿಸದು, ಅಲ್ಲಿ ಹುಡುಗ ವಾಡಿಕೆಯಂತೆ ಇಪ್ಪತ್ತೈದು ತುಂಬಿಸಿಬಿಟ್ಟರೆ ಟೈರು ಚೆಂಡಿನಂತೆ ಪುಟಿದು ಅದರ ಗುಣವೆಲ್ಲ ಮಾಯವಾಗುತ್ತದೆ. ಕಡಿಮೆ ಒತ್ತಡ ಅಳೆಯುವ ಪ್ರತ್ಯೇಕ ಮಾಪಕವೊಂದು ಪೆಟ್ಟಿಗೆಯಲ್ಲಿರಲಿ.

ಚಕ್ರದಿಂದ ಅಚ್ಚಿಗೆ ಬರೋಣ. ಜೋಡೆತ್ತು ಹೊಲದ ಅಂಚಿನಲ್ಲಿ ತಿರುಗುವಾಗ ಒಳಗಿನ ಎತ್ತು ನಿಂತಲ್ಲೇ ಹೆಜ್ಜೆಯಿಡುತ್ತ ಹೊರಗಿನ ಎತ್ತು ದೊಡ್ಡ ಸುತ್ತು ಹಾಕಿ ಬರುವುದನ್ನು ಕಂಡವರಿಗೆ ಡಿಫರೆನ್ಷಿಯಲ್ಲಿನ ಮರ್ಮವನ್ನು ಬೇರೆ ವಿವರಿಸಬೇಕಾಗಿಲ್ಲ: ತಿರುವಿನಲ್ಲಿ ಒಳಚಕ್ರ ಕಡಿಮೆ ದೂರವನ್ನೂ ಹೊರಚಕ್ರ ಹೆಚ್ಚು ದೂರವನ್ನೂ ಕ್ರಮಿಸಬೇಕಾಗಿರುವುದರಿಂದ, ಎರಡಕ್ಕೂ ಬಲ ಹಂಚುತ್ತಲೇ ಬೇರೆಬೇರೆ ವೇಗದಲ್ಲಿ ಉರುಳಲು ಬಿಡುವ ಹಲ್ಲುಚಕ್ರಗಳ ಕೂಟವೇ ಅದು. ಇದಕ್ಕೊಂದು ದೋಷವುಂಟು, ಒಂದು ಚಕ್ರ ಗೋಡಿನಲ್ಲಿ ಹಿಡಿತ ತಪ್ಪಿ ಗಿರ್ರನೆ ಸುತ್ತತೊಡಗಿದರೆ ಉರುಳುವುದೆಲ್ಲ ಅದರ ಪಾಲಿಗೇ ಹೋಗಿ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತುಬಿಡುತ್ತದೆ. ಅದಕ್ಕಾಗಿ ಅನೇಕ ಎ.ಟಿ.ವಿ.ಗಳಲ್ಲಿ ಹಿಂದಿನ ಅಚ್ಚನ್ನು ಬಿಗಿದೇ ಇಟ್ಟಿರುತ್ತಾರೆ. ಎರಡೂ ಚಕ್ರ ಸದಾ ಒಟ್ಟಿಗೇ ಸುತ್ತುತ್ತವೆ, ಕೆಸರಿನಿಂದ ವಾಹನ ಎದ್ದು ಬರುತ್ತದೆ, ಆದರೆ ಗಟ್ಟಿ ನೆಲದ ತಿರುವಿನಲ್ಲಿ ಒಂದು ಟೈರು ಉಜ್ಜಿಕೊಂಡೇ ಸಾಗಬೇಕಾಗುತ್ತದೆ. ತೆಂಗು ಅಡಿಕೆಯ ತೋಟದಲ್ಲಿ ಈ ಉಜ್ಜುವಿಕೆ ಅಲ್ಪವಾದ ಹಾನಿಯಲ್ಲ. ಹನಿ ನೀರಾವರಿಯ ಬೆರಳು ದಪ್ಪದ ಕಪ್ಪು ಪೈಪಿನ ಮೇಲೆ ನೇರವಾಗಿ ಹಾದುಹೋದರೆ ಮೆದು ಟೈರು ಅದನ್ನು ನೋಯಿಸುವುದಿಲ್ಲ. ಅದೇ ಪೈಪಿನ ಮೇಲೆ ತಿರುಗಿದರೆ ಗುಬ್ಬಿಗಳು ಅದನ್ನು ಹಿಡಿದೆಳೆದು ಜೋಡಣೆಯನ್ನೇ ಕಿತ್ತುಹಾಕುತ್ತವೆ, ಬುಡದ ಹಸಿ ಮಣ್ಣನ್ನೂ ಕೆರೆದು ಬೇರು ತೋರಿಸುತ್ತವೆ. ಒಂದು ಗುಂಡಿಯೊತ್ತಿ ಹಿಂದಿನ ಅಚ್ಚನ್ನು ಬೇಕಾದಾಗ ಬಿಗಿಯಲೂ ಬೇಡವಾದಾಗ ಸಡಿಲಿಸಲೂ ಬರುವಂಥ ಮಾದರಿಗೆ ಬೆಲೆ ಹೆಚ್ಚಾದರೂ ನಮ್ಮ ತೋಟಗಳಿಗೆ ಒಪ್ಪುವುದು ಅದೇ.

ಬಲವನ್ನು ಎಂಜಿನ್ನಿನಿಂದ ಅಚ್ಚಿಗೆ ಒಯ್ಯುವ ಏರ್ಪಾಡು ಅನೇಕ ಎ.ಟಿ.ವಿ.ಗಳಲ್ಲಿ ನಮ್ಮ ಸ್ಕೂಟರುಗಳಲ್ಲಿರುವಂಥದೇ: ಎರಡು ಪುಲ್ಲಿಗಳ ನಡುವೆ ಒಂದು ರಬ್ಬರ್ ಬೆಲ್ಟು, ವೇಗ ಏರಿದಂತೆ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಸರಿದು ಬೆಲ್ಟನ್ನು ಹೊರ ಅಂಚಿಗೆ ನೂಕುತ್ತವೆ, ಹಿಂದಿನದರ ತಟ್ಟೆಗಳು ಅಗಲವಾಗಿ ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ, ಗೇರು ಬದಲಿಸುವ ಕೆಲಸ ತಾನಾಗಿ ನಡೆದುಹೋಗುತ್ತದೆ. ಇದು ಸವಾರನಿಗೆ ಸುಖಕರ. ಆದರೆ ಭಾರದ ಗಾಡಿಯನ್ನು ಕೊಕ್ಕೆಗೆ ತಗುಲಿಸಿ ದಿಬ್ಬವೇರುವಾಗ ವೇಗದ ಗೇರಿನಲ್ಲೇ ತಿಣುಕಿಸಿದರೆ ಬೆಲ್ಟು ಜಾರಿ, ಕಾದು, ಸುಟ್ಟ ರಬ್ಬರಿನ ವಾಸನೆ ಹೊರಡುತ್ತದೆ. ಹಳ್ಳ ದಾಟುವಾಗ ಅದರ ಗೂಡಿಗೆ ನೀರು ಹೊಕ್ಕರೂ ಜಾರುತ್ತದೆ. ಭಾರವಿದ್ದಾಗ ನಿಧಾನದ ಗೇರಿಗೆ ಹಾಕುವುದನ್ನು ಆಳುಕಾಳುಗಳಿಗೂ ಕಲಿಸಿಕೊಡಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುತ್ತದೆಯೋ, ಇಲ್ಲವೇ ಬೆಲ್ಟು ಸಡಿಲಗೊಂಡು ಬಿಟ್ಟ ಬಂಡಿಯಾಗಿ ಓಡುತ್ತದೆಯೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತದೆ. ಕೆರೆಯ ಏರಿಯನ್ನು ಇಳಿಯಬೇಕಾದವನು ಇದನ್ನು ಕೇಳದೆ ಹಣ ಕೊಡಬಾರದು.

ಎಲ್ಲಕ್ಕಿಂತ ಗಂಭೀರವಾದ ವಿಚಾರ ಮಗುಚುವಿಕೆಯದು. ಚಕ್ರಗಳ ನಡುವಿನ ಅರ್ಧ ಅಗಲ 19 ಅಂಗುಲವೆಂದೂ ಸವಾರ ಸಹಿತವಾದ ವಾಹನದ ಗುರುತ್ವಕೇಂದ್ರ ನೆಲದಿಂದ 27 ಅಂಗುಲ ಎತ್ತರದಲ್ಲಿದೆಯೆಂದೂ ಇಟ್ಟುಕೊಂಡರೆ, ಪಕ್ಕಕ್ಕೆ 35 ಡಿಗ್ರಿ ವಾಲಿದ ನೆಲದಲ್ಲಿ ನಿಂತ ವಾಹನ ಬೀಳುವ ಅಂಚಿಗೆ ಬರುತ್ತದೆ. ಹಿಂದಿನ ಹಲಗೆಯ ಮೇಲೆ ಕಾಯಿ ಚೀಲವೋ ಗೊಬ್ಬರದ ಮೂಟೆಯೋ ಏರಿ ಆ ಕೇಂದ್ರ 33 ಅಂಗುಲಕ್ಕೆ ಹೋದರೆ 30 ಡಿಗ್ರಿಗೇ ಅಂಚು ಬಂತು. ಇದು ನಿಂತ ವಾಹನದ ಲೆಕ್ಕ. ಓಡುತ್ತಿರುವಾಗ ಮೇಲಿನ ಚಕ್ರ ಬದುವನ್ನೇರಿ ಕೆಳಗಿನ ಚಕ್ರ ಪಾತಿಗಿಳಿದರೆ ಇನ್ನೂ ಬಹಳ ಮೊದಲೇ ಅನಾಹುತವಾಗುತ್ತದೆ. ಸವಾರನು ಕುದುರೆಯ ಮೇಲಿನವನಂತೆ ಕಾಲು ಚಾಚಿ ಕೂರುವುದೂ ಆಸನ ಉದ್ದವಾಗಿರುವುದೂ ಅವನು ಇಳಿಜಾರಿಗೆ ಎದುರಾಗಿ ಮೈಯನ್ನು ಸರಿಸಿ ಭಾರವನ್ನು ಸರಿದೂಗಿಸಲೆಂದು. ಆ ಉದ್ದದ ಆಸನವನ್ನು ಕಂಡು ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡರೆ ಸರಿಯಲು ಜಾಗವೂ ಇಲ್ಲ, ಭಾರವೂ ಎತ್ತರಕ್ಕೇರಿತು. ಬಹುಪಾಲು ಎ.ಟಿ.ವಿ.ಗಳನ್ನು ನಿರ್ಮಿಸಿರುವುದು ಒಬ್ಬನಿಗಾಗಿ. ಹೆಂಡತಿ ಮಕ್ಕಳನ್ನು ತೋಟಕ್ಕೆ ಕರೆದೊಯ್ಯಬೇಕೆನ್ನುವವರು ಅಕ್ಕಪಕ್ಕದ ಆಸನ, ಪಟ್ಟಿ, ತಲೆಯ ಮೇಲೆ ಕಂಬಿಗಳ ಗೂಡು ಇರುವ ಅಗಲವಾದ ಬಗೆಯನ್ನು ನೋಡಬೇಕು. ಆದರೆ ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ನಡುವೆ ನಾಲ್ಕಡಿಯ ಎ.ಟಿ.ವಿ. ಹಗುರವಾಗಿ ನುಸುಳುವಲ್ಲಿ ಐದಡಿ ಮೀರಿದ ಆ ವಾಹನಕ್ಕೆ ತಿರುಗಲು ಪ್ರಯಾಸವಾಗುತ್ತದೆ. ಹೆಲ್ಮೆಟ್ ತೋಟದೊಳಗೂ ಬೇಕು, ಹೊರಗೂ ಬೇಕು.

ಹೊರೆಯ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. ಮಧ್ಯಮ ಗಾತ್ರದ ಯಂತ್ರದ ಮುಂದಿನ ಹಲಗೆ ಸುಮಾರು 40, ಹಿಂದಿನದು ಸುಮಾರು 80 ಕಿಲೋ ಹೊರುತ್ತದೆ. ಸಿಪ್ಪೆ ಸಹಿತ ಕಾಯಿ ಒಂದೊಂದು ಕಿಲೋ ತೂಗಿದರೂ ಎಂಬತ್ತು ಕಾಯಿಗೆ ಹಿಂದಿನ ಹಲಗೆ ತುಂಬಿತು. ಕೊಬ್ಬರಿಗೆಂದು ಸಾವಿರಗಟ್ಟಲೆ ಕಾಯಿ ಅಟ್ಟಕ್ಕೇರಿಸುವ ಮನೆಯವರು ಅದರ ಕೊಕ್ಕೆಗೆ ತಗುಲಿಸುವ ಸಣ್ಣ ಗಾಡಿಯನ್ನೇ ನಂಬಬೇಕು. ಉಳುವ ಕೆಲಸವನ್ನು ಎ.ಟಿ.ವಿ.ಯಿಂದ ನಿರೀಕ್ಷಿಸುವುದು ಸಲ್ಲದು. ಅದಕ್ಕೆ ಪವರ್ ಟಿಲ್ಲರ್ ಇದೆ, ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ನೆರವಿನಿಂದ 1960ರ ದಶಕದಲ್ಲಿ ಟಿಲ್ಲರಿನ ತಯಾರಿಕೆಗೆ ತೊಡಗಿದಂದಿನಿಂದ ನಮ್ಮ ರೈತರು ಅದರ ಗುಣಾವಗುಣಗಳನ್ನು ಚೆನ್ನಾಗಿ ಬಲ್ಲರು. ಐದಾರು ಎಕರೆಗಿಂತ ಕಡಿಮೆ ಭೂಮಿಯವರಿಗೆ ಎ.ಟಿ.ವಿ. ಬೇಡವೆಂದೇ ನನ್ನ ಅಭಿಪ್ರಾಯ. ಅಷ್ಟು ದೂರ ನಡೆಯಬಹುದು.

ರಸ್ತೆಯ ಮಾತು ಉಳಿಯಿತು. ಸಾಮಾನ್ಯವಾಗಿ ಈ ವಾಹನಗಳಿಗೆ ನಮ್ಮ ದೇಶದಲ್ಲಿ ರಸ್ತೆಯ ನೋಂದಣಿ ದೊರೆಯುವುದಿಲ್ಲ. ಖಾಸಗಿ ಜಮೀನಿನೊಳಗಷ್ಟೇ ಅವುಗಳ ಸಂಚಾರ. ಹೆದ್ದಾರಿಯ ಒಂದು ಪಕ್ಕದಲ್ಲಿ ಮನೆ, ಇನ್ನೊಂದು ಪಕ್ಕದಲ್ಲಿ ತೋಟ ಇರುವ ನಿಟ್ಟೂರಿನವರಿಗೆ ಇದು ದೊಡ್ಡ ತೊಡಕು. ಪೊಲಾರಿಸ್ ಕಂಪನಿ 2020ರ ಕೊನೆಯಲ್ಲಿ ತನ್ನ 570ರ ಮಾದರಿಯನ್ನು ಟ್ರಾಕ್ಟರೆಂಬ ವರ್ಗದಲ್ಲಿ ರಸ್ತೆಗೆ ಯೋಗ್ಯವೆಂದು ಒಪ್ಪಿಗೆ ಪಡೆದು ಬಿಡುಗಡೆ ಮಾಡಿದಾಗ ಅದರ ಬೆಲೆ ಸುಮಾರು ಎಂಟು ಲಕ್ಷ ರೂಪಾಯಿ, 567 ಸಿ.ಸಿ.ಯ ಒಂದೇ ಸಿಲಿಂಡರು, 34 ಅಶ್ವಶಕ್ತಿ. ಇನ್ನೂ ದೊಡ್ಡ ಎಂಜಿನ್ನುಗಳು ಸಿಗುತ್ತವಾದರೂ, ಪಾತಿ ಬದುಗಳ ನಡುವೆ ಗಂಟೆಗೆ ಹದಿನೈದು ಕಿಲೋಮೀಟರು ಮೀರಿ ಓಡಿಸಬಾರದ ಕಡೆ ಆ ಹೆಚ್ಚುವರಿ ಬಲದಿಂದ ತೂಕ ಹೆಚ್ಚುವುದೇ ಹೊರತು ಬೇರೆ ಲಾಭ ಕಾಣೆ.

ಹೀಗಾಗಿ ಆ ತರುಣರಿಗೆ ನಾನು ಕೊಟ್ಟ ಉತ್ತರ ಇದು: ಐನೂರು ಆರುನೂರು ಸಿ.ಸಿ.ಯ ನಡುವಣ, ನಾಲ್ಕು ಚಕ್ರಕ್ಕೂ ಬಲವಿರುವ, ಹಿಂದಿನ ಅಚ್ಚನ್ನು ಸಡಿಲಿಸಬಲ್ಲ, ಇಳಿಜಾರಿನಲ್ಲಿ ಎಂಜಿನ್ ತಡೆಯುವ, ನೋಂದಣಿಯ ಪತ್ರ ಕೈಗೆ ಬರುವ ಕೆಲಸದ ಯಂತ್ರ. ಮಾರುವವರು ತಮ್ಮ ಅಂಗಡಿಯ ಸಿಮೆಂಟು ಅಂಗಳದಲ್ಲಿ ಓಡಿಸಿ ತೋರಿಸಿದರೆ ಒಪ್ಪದೆ, ಒಂದು ಮಳೆ ಬಿದ್ದ ಮರುದಿನ ನಿಮ್ಮ ತೋಟಕ್ಕೇ ತರಿಸಿ, ಹಿಂದಿನ ಹಲಗೆಗೆ ಅದರ ಮಿತಿಯೊಳಗೇ ಮೂಟೆ ಕಟ್ಟಿ, ಏರಿಯನ್ನು ಹತ್ತಿಸಿ ಇಳಿಸಿ ನೋಡಿ. ಬೆಲ್ಟು ಸವೆಯುವ ವಸ್ತು; ಮುಂಗಡ ಕೊಡುವ ಮೊದಲು ಅದರ ದರವೆಷ್ಟು, ಕೇಳಿದ ಮೇಲೆ ಅದು ತುಮಕೂರಿಗೆ ಬಂದು ಸೇರಲು ಎಷ್ಟು ದಿನ ಹಿಡಿಯುತ್ತದೆ, ಬದಲಿಸಿ ಕೊಡುವ ಮೆಕ್ಯಾನಿಕ್ ಯಾರು, ಈ ಮೂರನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.